ಗಾಡಿ ಟೈರಿನ ಹವಾ ಎಲ್ಲಿಂದ ಹೋಗುತ್ತಿದೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ನೋಡಿದರೆ ಹಿಂದಿನ ಚಕ್ರ ಅರ್ಧ ಕೂತಿರುತ್ತದೆ. ಬಂಕಿಗೆ ಹೋಗಿ ಹವಾ ಹೊಡೆಸುತ್ತೀರಿ. ಎರಡು ದಿನ ಓಡುತ್ತದೆ, ಮೂರನೇ ದಿನ ಮತ್ತೆ ಅದೇ ಕಥೆ. ಹೀಗೆ ತಿಂಗಳುಗಟ್ಟಲೆ ಗಾಡಿ ಓಡಿಸುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಇನ್ನು ಕೆಲವರು ಪಂಕ್ಚರ್ ಹಾಕಿಸುತ್ತಾರೆ, ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ತೂತು, ಆಮೇಲೆ ಟ್ಯೂಬ್ ಬದಲಿಸುತ್ತಾರೆ, ಹೊಸ ಟ್ಯೂಬಿಗೂ ತೂತು. ಅಂಗಡಿಯವನನ್ನು ಬೈದು ಪ್ರಯೋಜನ ಇಲ್ಲ. ತೂತನ್ನು ಮುಚ್ಚಿದ್ದಾರೆ, ತೂತು ಮಾಡಿದ್ದು ಒಳಗೇ ಕೂತಿದೆ.

ತೂತು ಟೈರಿನ ಯಾವ ಜಾಗದಲ್ಲಿ ಇದೆ ಅನ್ನುವುದರಲ್ಲೇ ಅದು ಯಾಕೆ ಆಯಿತು ಅನ್ನುವ ಉತ್ತರ ಇರುತ್ತದೆ. ಅದನ್ನು ಓದುವುದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ದೊಡ್ಡ ಸಾಮಾನು ಏನೂ ಬೇಡ. ಒಂದು ಪ್ರೆಶರ್ ಗೇಜ್, ಒಂದು ಮಗ್ ನೀರು, ಸ್ವಲ್ಪ ಶಾಂಪೂ, ಹಳೆ ಬ್ರಷ್, ಸೀಮೆಸುಣ್ಣ, ಮೊಬೈಲ್ ಟಾರ್ಚ್. ಸಾಕು.

ಮೊದಲು: ನಿಜವಾಗಿಯೂ ಹವಾ ಹೋಗುತ್ತಿದೆಯಾ?

ಇದನ್ನು ಯಾರೂ ಕೇಳಿಕೊಳ್ಳುವುದೇ ಇಲ್ಲ. ನಮ್ಮ ಭಾಗದ ಬಿಸಿಲಿನಲ್ಲಿ ಇದೇ ಮೊದಲ ಪ್ರಶ್ನೆ ಆಗಬೇಕು.

ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಬೈಕ್ ಟೈರಿನಲ್ಲಿ ಇರುವ ಒತ್ತಡಕ್ಕೆ ಲೆಕ್ಕ ಹಾಕಿದರೆ 10 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಒಂದೂವರೆ ಪಿಎಸ್‌ಐ (ಗೇಜ್ ತೋರಿಸುವ ಹವಾ ಒತ್ತಡದ ಅಳತೆ) ಏರುಪೇರು ಆಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಮಾಮೂಲಿ, ಡಾಂಬರು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಜೇವರ್ಗಿಯಿಂದ ಮಧ್ಯಾಹ್ನ ಓಡಿಸಿಕೊಂಡು ಬಂದು, ಟೈರ್ ಕೈಗೆ ಸುಡುತ್ತಿರುವಾಗಲೇ ಬಂಕಿನಲ್ಲಿ 30 ಹಾಕಿಸಿದಿರಿ ಅಂದುಕೊಳ್ಳಿ. ಮಾರನೇ ದಿನ ಬೆಳಿಗ್ಗೆ ತಣ್ಣಗಾದ ಮೇಲೆ ಅದು 26 ಅಥವಾ 27 ತೋರಿಸುತ್ತದೆ. ಲೀಕ್ ಏನೂ ಇಲ್ಲ, ಗಾಳಿ ತಣ್ಣಗಾಗಿದೆ ಅಷ್ಟೇ. ಬೀದರ್ ಕಡೆ ಡಿಸೆಂಬರ್ ಚಳಿಯಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಚಳಿ ಶುರುವಾದ ಕೂಡಲೇ ಎರಡೂ ಚಕ್ರ ಒಟ್ಟಿಗೆ ಸ್ವಲ್ಪ ಇಳಿದರೆ ಅದು ಹವಾಮಾನದ ಕೆಲಸ. ಒಂದೇ ಚಕ್ರ ಇಳಿದರೆ ಲೀಕ್ ಅಂತ ಅನುಮಾನ ಪಡಿ.

ಆದ್ದರಿಂದ ಅಳತೆ ಹೀಗೆ ಮಾಡಿ. ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ, ಗಾಡಿ ಇನ್ನೂ ಓಡಿಸದೆ ಇರುವಾಗ ಗೇಜ್ ಇಟ್ಟು ನೋಡಿ ಬರೆದುಕೊಳ್ಳಿ. ಕಂಪನಿ ಹೇಳಿದ ಒತ್ತಡ ಎಷ್ಟು ಅನ್ನುವುದು ಚೈನ್ ಕವರ್ ಮೇಲೋ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೋ ಅಂಟಿಸಿದ ಸ್ಟಿಕ್ಕರಿನಲ್ಲಿ ಇರುತ್ತದೆ, ಅದು ಹರಿದುಹೋಗಿದ್ದರೆ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿರುವ ಮ್ಯಾಕ್ಸ್ ಅನ್ನುವ ಅಂಕಿಯನ್ನು ನೋಡಿ ಅಷ್ಟು ಹೊಡೆಸಬೇಡಿ, ಅದು ಆ ಟೈರ್ ತಡೆಯುವ ಗರಿಷ್ಠ ಮಿತಿ. ಸರಿಯಾದ ಒತ್ತಡಕ್ಕೆ ತಂದು ಕ್ಯಾಪ್ ಹಾಕಿ. ಮಾರನೇ ದಿನ ಅದೇ ಹೊತ್ತಿಗೆ, ಅದೇ ಗೇಜಿನಲ್ಲಿ ಮತ್ತೆ ನೋಡಿ. ಬಂಕಿನ ಮೀಟರ್ ಒಂದು ಹೇಳುತ್ತದೆ, ಪಂಕ್ಚರ್ ಅಂಗಡಿಯ ಮೀಟರ್ ಇನ್ನೊಂದು ಹೇಳುತ್ತದೆ. ಅದಕ್ಕೇ ನಿಮ್ಮದೇ ಒಂದು ಗೇಜ್ ಇರಲಿ ಅನ್ನುವುದು.

ಸರಿ ಇರುವ ಟೈರಿನಲ್ಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗೇ ಇಳಿಯುತ್ತದೆ. ರಬ್ಬರಿನ ಮೂಲಕವೇ ಗಾಳಿ ನಿಧಾನವಾಗಿ ಹೊರಗೆ ಹೋಗುತ್ತದೆ, ಟ್ಯೂಬ್ ಇರುವ ಗಾಡಿಯಲ್ಲಿ ಸ್ವಲ್ಪ ಜಾಸ್ತಿ. ಒಂದು ರಾತ್ರಿಯಲ್ಲಿ ಎರಡು ಮೂರು ಪಿಎಸ್‌ಐ ಹೋದರೆ ಸಣ್ಣ ಲೀಕ್ ಇದೆ: ವಾಲ್ವ್, ಬೀಡ್ (ಟೈರ್ ರಿಮ್ಮಿಗೆ ಕೂರುವ ಅಂಚು), ಇಲ್ಲಾ ಸಣ್ಣ ಮುಳ್ಳು. ರಾತ್ರಿ ಕಳೆಯುವಷ್ಟರಲ್ಲಿ ಪೂರ್ತಿ ಕೂತರೆ ತೂತು ದೊಡ್ಡದು. ಓಡಿಸುತ್ತಿರುವಾಗಲೇ ಕ್ಷಣದಲ್ಲಿ ಹೋದರೆ ಟ್ಯೂಬ್ ಹರಿದಿದೆ ಅಥವಾ ಟೈರೇ ಸೀಳಿದೆ.

ನಿಮ್ಮದು ಟ್ಯೂಬಾ, ಟ್ಯೂಬ್‌ಲೆಸ್ಸಾ?

ಟೈರಿನ ಪಕ್ಕದಲ್ಲಿ ಬರೆದಿರುತ್ತದೆ. ಆದರೆ ಅದನ್ನೇ ನಂಬಬೇಡಿ. ಟ್ಯೂಬ್‌ಲೆಸ್ ಅಂತ ಬರೆದ ಟೈರಿನೊಳಗೆ ಟ್ಯೂಬ್ ಹಾಕಿ ಓಡಿಸುವವರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ, ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರಿಗೆ ಇದು ಗೊತ್ತೇ ಇರುವುದಿಲ್ಲ. ಅಲಾಯ್ ವೀಲ್ ಇದ್ದ ಮಾತ್ರಕ್ಕೆ ಟ್ಯೂಬ್‌ಲೆಸ್ ಅಂತಲೂ ಅಲ್ಲ, ಹಳೆಯ ಎಷ್ಟೋ ಗಾಡಿಗಳಲ್ಲಿ ಅಲಾಯ್ ಒಳಗೆ ಟ್ಯೂಬ್ ಇದೆ. ವಾಲ್ವ್ ಬುಡ ನೋಡಿ. ದಪ್ಪ ರಬ್ಬರಿನ ವಾಲ್ವ್ ರಿಮ್ಮಿನ ತೂತಿಗೆ ಬಿಗಿಯಾಗಿ ಕೂತಿದ್ದರೆ ಸಾಮಾನ್ಯವಾಗಿ ಟ್ಯೂಬ್‌ಲೆಸ್. ಹಿತ್ತಾಳೆ ಬಣ್ಣದ ಉದ್ದ ಥ್ರೆಡ್ ಇರುವ ವಾಲ್ವ್, ಅದರ ಮೇಲೆ ನಟ್, ಕೈಯಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ ಅಂದರೆ ಟ್ಯೂಬ್. ಆದರೂ ಅನುಮಾನ ಇದ್ದರೆ ಮಿಸ್ತ್ರಿಯನ್ನು ಕೇಳಿಬಿಡಿ.

ಇದು ಯಾಕೆ ಮುಖ್ಯ ಅಂದರೆ, ಟ್ಯೂಬ್‌ಲೆಸ್ಸಿನಲ್ಲಿ ಲೀಕ್ ಇರುವ ಜಾಗದಲ್ಲೇ ಗುಳ್ಳೆ ಬರುತ್ತದೆ. ಟ್ಯೂಬಿನಲ್ಲಿ ಹಾಗಲ್ಲ. ಒಳಗೆ ಎಲ್ಲೋ ತೂತು ಇರುತ್ತದೆ, ಹವಾ ಟೈರಿನೊಳಗೆ ಹರಿದಾಡಿ ಸ್ಪೋಕ್ ತೂತಿನಿಂದಲೋ ವಾಲ್ವ್ ಪಕ್ಕದಿಂದಲೋ ಹೊರಗೆ ಬರುತ್ತದೆ. ಗುಳ್ಳೆ ನೋಡಿ ಅಲ್ಲೇ ತೂತು ಅಂದುಕೊಂಡರೆ ಮೋಸ ಹೋಗುತ್ತೀರಿ.

ಎರಡನೇ ಹಂತ: ಕಣ್ಣಿಂದ ಹುಡುಕುವುದು

ಇಂಜಿನ್ ಬಂದ್, ಗಾಡಿ ನ್ಯೂಟ್ರಲ್, ಸೆಂಟರ್ ಸ್ಟ್ಯಾಂಡ್. ಇಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಚಕ್ರ ತಿರುಗಿಸುತ್ತಾ ಬಟ್ಟೆ ಹಿಡಿದು ಒರೆಸುವವರನ್ನು ನೋಡಿರುತ್ತೀರಿ, ಬೆರಳು ಚೈನಿಗೆ ಸಿಕ್ಕರೆ ವಾಪಸ್ ಬರುವುದಿಲ್ಲ. ದಯವಿಟ್ಟು ಬೇಡ. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿ ಆದರೆ ಸೀಮೆಸುಣ್ಣದಿಂದ ಗುರುತು ಹಾಕಿ, ಕಾಲು ಸುತ್ತು ಮುಂದಕ್ಕೆ ತಳ್ಳಿ, ಆ ಭಾಗ ನೋಡಿ, ಮತ್ತೆ ಕಾಲು ಸುತ್ತು ತಳ್ಳಿ.

ಅದಕ್ಕೂ ಮುಂಚೆ ಟೈರ್ ತೊಳೆಯಿರಿ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಗ್ರಿಪ್ಪಿನ, ಅಂದರೆ ರಸ್ತೆಗೆ ತಾಗುವ ಭಾಗದ, ಸಂದಿಗಳಲ್ಲಿ ಸಿಮೆಂಟ್ ತುಂಬಿದಂತೆ ಕೂತುಬಿಡುತ್ತದೆ. ಒಣಗಿದ ಮೇಲೆ ಅದರ ಕೆಳಗೆ ಮೊಳೆ ಇದ್ದರೂ ಕಾಣುವುದಿಲ್ಲ. ಹೊಲದ ದಾರಿಯಲ್ಲಿ ಓಡಾಡುವವರು ಬ್ರಷ್ ಹಾಕಿ ಉಜ್ಜಿ ತೊಳೆದು, ಒಣಗಿಸಿ, ಆಮೇಲೆ ನೋಡಿ.

ಏನನ್ನು ಹುಡುಕಬೇಕು? ಇದು ನೀವು ಎಲ್ಲಿ ಓಡಾಡುತ್ತೀರಿ ಅನ್ನುವುದರ ಮೇಲೆ.

ಬಳ್ಳಾರಿ ಜಾಲಿ ನಮ್ಮ ದೊಡ್ಡ ಶತ್ರು. ಕೆರೆ ಅಂಗಳ, ಹಳ್ಳದ ದಂಡೆ, ರಸ್ತೆ ಪಕ್ಕ ಎಲ್ಲಾ ಕಡೆ ಬೆಳೆದಿದೆ. ಬೇಲಿಗೆ ಕಡಿದು ಹಾಕುವಾಗ ದಾರಿಯಲ್ಲಿ ಮುಳ್ಳು ಬಿದ್ದಿರುತ್ತದೆ. ಇದರ ಸಮಸ್ಯೆ ಏನೆಂದರೆ ಮುಳ್ಳು ಚುಚ್ಚಿದ ಮೇಲೆ ಹೊರಗಿನ ಭಾಗ ಮುರಿದು ಬೀಳುತ್ತದೆ, ತುದಿ ಮಾತ್ರ ರಬ್ಬರಿನೊಳಗೆ ಉಳಿಯುತ್ತದೆ. ಹೊರಗಿನಿಂದ ಒಂದು ಸಣ್ಣ ಕಪ್ಪು ಚುಕ್ಕಿ ಬಿಟ್ಟರೆ ಏನೂ ಕಾಣುವುದಿಲ್ಲ. ಪಂಕ್ಚರ್ ಹಾಕಿಸುತ್ತೀರಿ, ಆ ತುದಿ ಅಲ್ಲೇ ಇರುತ್ತದೆ, ಓಡುತ್ತಾ ಓಡುತ್ತಾ ಒಳಗೆ ಸರಿದು ಮತ್ತೆ ಟ್ಯೂಬಿಗೆ ಚುಚ್ಚುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಪಂಕ್ಚರ್ ಆಗುವ ಗಾಡಿಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ.

ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ ಇನ್ನೊಂದು. ಓರೆಯಾಗಿ ಕಡಿದಿರುತ್ತಾರೆ, ಒಣಗಿ ಗಟ್ಟಿಯಾದ ಮೇಲೆ ಅದು ಭರ್ಜಿ. ಟ್ರ್ಯಾಕ್ಟರ್ ಟೈರನ್ನೇ ಬಿಡುವುದಿಲ್ಲ, ಇನ್ನು ಬೈಕ್ ಯಾವ ಲೆಕ್ಕ. ಯಾದಗಿರಿ, ಶಹಾಪುರ ಕಡೆ ಹತ್ತಿ ಕಟ್ಟಿಗೆಯದೂ ಇದೇ ಗೋಳು. ಕೂಳೆ ಗ್ರಿಪ್ಪಿಗಿಂತ ಹೆಚ್ಚಾಗಿ ಟೈರಿನ ಪಕ್ಕಕ್ಕೆ ಚುಚ್ಚುತ್ತದೆ, ಅದೇ ಕೆಟ್ಟದ್ದು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರ್ಸಿ ಕಲ್ಲಿನ ಚೂರುಗಳು ರಸ್ತೆ ಅಂಚಿನಲ್ಲಿ ಬಿದ್ದಿರುತ್ತವೆ. ಅವು ಚುಚ್ಚುವುದಕ್ಕಿಂತ ಕೊಯ್ಯುವುದು ಜಾಸ್ತಿ. ಇನ್ನು ಹಳ್ಳಿ ದಾರಿಯಲ್ಲಿ ಎತ್ತಿನ ಲಾಳದ ಮೊಳೆ, ಹೆದ್ದಾರಿಯಲ್ಲಿ ಲಾರಿಯಿಂದ ಬಿದ್ದ ತಂತಿ, ನಟ್ಟು, ಬೋಲ್ಟು. ತಂತಿ ಚೂರು ಕೂದಲಿನಷ್ಟು ತೆಳ್ಳಗೆ ಇದ್ದರೂ ಸಾಕು, ದಿನಕ್ಕೆ ಒಂದೆರಡು ಪಿಎಸ್‌ಐ ಇಳಿಸುತ್ತಲೇ ಇರುತ್ತದೆ.

ಮೊಳೆ ಕಂಡ ಕೂಡಲೇ ಕೀಳಬೇಡಿ. ಟ್ಯೂಬ್‌ಲೆಸ್ಸಿನಲ್ಲಿ ಎಷ್ಟೋ ಸಲ ಆ ಮೊಳೆಯೇ ತೂತನ್ನು ಮುಚ್ಚಿ ಹಿಡಿದಿರುತ್ತದೆ. ಕಿತ್ತರೆ ಅಲ್ಲೇ ಕೂತಿರಬೇಕಾಗುತ್ತದೆ. ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ, ಸೋಪು ನೀರು ಹಾಕಿ ನೋಡಿ. ಗುಳ್ಳೆ ಬಂದರೆ ಆರ್‌ಪಾರ್ ಹೋಗಿದೆ ಅಂತ. ಬರದಿದ್ದರೆ ಗ್ರಿಪ್ಪಿನಲ್ಲಿ ಮಾತ್ರ ಸಿಕ್ಕಿರಬಹುದು. ಆದರೂ ಅಂಗಡಿ ಹತ್ತಿರ ಹೋಗಿಯೇ ಕೀಳಿಸಿ.

ಮೂರನೇ ಹಂತ: ವಾಲ್ವ್

ಎಲ್ಲಕ್ಕಿಂತ ಸುಲಭದ ಪರೀಕ್ಷೆ, ಎಲ್ಲರೂ ಮರೆಯುವ ಪರೀಕ್ಷೆ. ಕ್ಯಾಪ್ ತೆಗೆದು ವಾಲ್ವ್ ಬಾಯಿಗೆ ಸೋಪು ನೀರಿನ ಒಂದು ಹನಿ ಇಡಿ. ದಾರಿಯಲ್ಲಿ ಇದ್ದರೆ ಬೆರಳಿಗೆ ಉಗುಳು ಹಚ್ಚಿ ಇಟ್ಟರೂ ಆಯಿತು. ಅರ್ಧ ನಿಮಿಷ ಕಾಯಿರಿ. ಹನಿ ಉಬ್ಬಿದರೆ ಒಳಗಿನ ಪಿನ್ ಸರಿಯಾಗಿ ಕೂತಿಲ್ಲ. ಹೆಚ್ಚಿನ ಸಲ ಅದು ಸಡಿಲ ಆಗಿರುತ್ತದೆ ಅಥವಾ ಒಳಗೆ ಧೂಳಿನ ಕಣ ಸಿಕ್ಕಿರುತ್ತದೆ. ಪಿನ್ ಬಿಗಿ ಮಾಡುವ ಸಣ್ಣ ಕೀಲಿ ಪಂಕ್ಚರ್ ಅಂಗಡಿಯಲ್ಲಿ ಇರುತ್ತದೆ, ಸ್ವಲ್ಪ ತಿರುಗಿಸಿದರೆ ನಿಲ್ಲುತ್ತದೆ. ನಿಲ್ಲದಿದ್ದರೆ ಪಿನ್ನೇ ಬದಲಿಸಿ, ಅದಕ್ಕೆ ಖರ್ಚು ಅಂತ ಹೇಳುವಷ್ಟು ಕೂಡ ಆಗುವುದಿಲ್ಲ.

ಕ್ಯಾಪ್ ಇಲ್ಲದೆ ಓಡಿಸುವವರಿಗೆ ಒಂದು ಮಾತು. ಹವಾ ಹೊಡೆಸಿ ಕ್ಯಾಪನ್ನು ಬಂಕಿನ ಕಟ್ಟೆ ಮೇಲೆ ಬಿಟ್ಟು ಬರುವುದು ನಮ್ಮ ಜನರ ಅಭ್ಯಾಸ. ಕಪ್ಪು ಮಣ್ಣಿನ ಕೆಸರು ಆ ಬಾಯಲ್ಲಿ ಕೂತು ಒಣಗುತ್ತದೆ, ಮುಂದಿನ ಸಲ ಹವಾ ಹೊಡೆಯುವಾಗ ಆ ಕಸವೆಲ್ಲಾ ಪಿನ್ನಿನೊಳಗೆ ತಳ್ಳಲ್ಪಡುತ್ತದೆ. ಅಲ್ಲಿಂದ ಲೀಕ್ ಶುರು.

ಬಾಯಿ ಸರಿ ಇದ್ದರೆ ಬುಡ ನೋಡಿ. ಟ್ಯೂಬ್‌ಲೆಸ್ ವಾಲ್ವಿನ ರಬ್ಬರ್ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ನೆಟ್ಟಗೆ ನಿಂತಾಗ ಬಿರುಕು ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಬುಡಕ್ಕೆ ಸೋಪು ನೀರು ಹಾಕಿ ವಾಲ್ವನ್ನು ಮೆಲ್ಲಗೆ ಆ ಕಡೆ, ಈ ಕಡೆ ಬಾಗಿಸಿ. ಬಾಗಿಸಿದಾಗ ಮಾತ್ರ ಗುಳ್ಳೆ ಬಂದರೆ ವಾಲ್ವ್ ಬದಲಿಸಲೇಬೇಕು. ನಿಂತಾಗ ಹವಾ ಹೋಗುವುದಿಲ್ಲ, ಓಡಿಸಿದರೆ ಹೋಗುತ್ತದೆ ಅನ್ನುವ ವಿಚಿತ್ರ ದೂರು ಇದರಿಂದಲೂ ಬರುತ್ತದೆ.

ಟ್ಯೂಬ್ ಗಾಡಿಯಲ್ಲಿ ವಾಲ್ವ್ ನೆಟ್ಟಗೆ ಇದೆಯಾ ಅಂತ ನೋಡಿ. ಓರೆಯಾಗಿದ್ದರೆ ಅದು ಗಂಭೀರ ಸೂಚನೆ. ಹವಾ ಕಮ್ಮಿ ಇಟ್ಟು ಓಡಿಸಿದಾಗ, ಬ್ರೇಕ್ ಒತ್ತಿದ ಹೊತ್ತಿಗೆ ಟೈರ್ ರಿಮ್ಮಿನ ಮೇಲೆ ಜಾರುತ್ತದೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ದಿನ ಬುಡದಲ್ಲಿ ಹರಿಯುತ್ತದೆ, ಹವಾ ಒಂದೇ ಸಲ ಹೋಗುತ್ತದೆ. ಓರೆ ಕಂಡರೆ ಹವಾ ಪೂರ್ತಿ ಬಿಟ್ಟು, ಟೈರ್ ಸಡಿಲ ಮಾಡಿ, ಟ್ಯೂಬ್ ಸರಿಮಾಡಿಸಿ. ವಾಲ್ವಿನ ನಟ್ಟನ್ನು ರಿಮ್ಮಿಗೆ ಒತ್ತಿ ಬಿಗಿ ಮಾಡಿಸಬೇಡಿ, ಸ್ವಲ್ಪ ಸಡಿಲ ಇರಲಿ. ಸಡಿಲ ಇದ್ದರೆ ಟ್ಯೂಬ್ ಜಾರುತ್ತಿರುವುದು ಓರೆಯಾಗಿ ಕಣ್ಣಿಗೆ ಕಾಣುತ್ತದೆ.

ನಾಲ್ಕನೇ ಹಂತ: ಸೋಪು ನೀರು

ಒಂದು ಮಗ್ ನೀರಿಗೆ ಒಂದು ಪಾಕೀಟು ಶಾಂಪೂ. ನೊರೆ ಬರುವ ಹಾಗೆ ಕಲಸಬೇಡಿ, ನೊರೆಯಲ್ಲಿ ಗುಳ್ಳೆ ಯಾವುದು ಅಂತ ಗೊತ್ತಾಗುವುದಿಲ್ಲ. ಟೈರಿಗೆ ಸರಿಯಾದ ಒತ್ತಡ ತುಂಬಿಸಿರಬೇಕು, ಅರ್ಧ ಕೂತ ಟೈರಿನಲ್ಲಿ ಸಣ್ಣ ಲೀಕ್ ಗುಳ್ಳೆ ಕೊಡುವುದೇ ಇಲ್ಲ. ನೆರಳಿನಲ್ಲಿ ಮಾಡಿ. ನಮ್ಮ ಬಿಸಿಲಿನಲ್ಲಿ ನೀವು ನೋಡುವಷ್ಟರಲ್ಲಿ ನೀರು ಆರಿಹೋಗಿರುತ್ತದೆ.

ಮೊದಲು ಗ್ರಿಪ್ ಭಾಗ, ಒಂದು ಗೇಣು ಒಂದು ಗೇಣು. ಆಮೇಲೆ ಎರಡೂ ಪಕ್ಕ. ಕೊನೆಗೆ ಟೈರ್ ರಿಮ್ಮಿಗೆ ಕೂರುವ ಅಂಚು, ಅಂದರೆ ಬೀಡ್. ಒಂದೊಂದು ಜಾಗದಲ್ಲೂ ಸ್ವಲ್ಪ ಹೊತ್ತು ನಿಂತು ನೋಡಿ, ಅವಸರ ಮಾಡಿದರೆ ಈ ಪರೀಕ್ಷೆ ದಂಡ. ದೊಡ್ಡ ತೂತಿನಲ್ಲಿ ಗುಳ್ಳೆ ಪುಟಪುಟ ಅಂತ ಒಡೆಯುತ್ತದೆ. ಸಣ್ಣ ಲೀಕಿನಲ್ಲಿ ಸಾಸಿವೆಯಷ್ಟು ಬಿಳಿ ನೊರೆ ನಿಧಾನವಾಗಿ ಗುಂಪು ಕಟ್ಟುತ್ತದೆ, ಅದನ್ನು ಹುಡುಕಬೇಕು.

ಬೀಡಿನಲ್ಲಿ ಗುಳ್ಳೆ ಬಂದರೆ ಮೂರು ಕಾರಣ ಇರಬಹುದು. ಅಂಚಿನಲ್ಲಿ ಕೆಸರು ಕೂತಿದೆ, ಇದು ಕೆಟ್ಟ ಕೆಸರಿನಲ್ಲಿ ಹವಾ ಕಮ್ಮಿ ಇಟ್ಟು ಓಡಿಸಿದವರಿಗೆ ಆಗುತ್ತದೆ. ಇಲ್ಲಾ ಅಲಾಯ್ ಅಂಚಿನ ಬಣ್ಣ ಎದ್ದು ಬಿಳಿ ತುಕ್ಕು ಹಿಡಿದಿದೆ, ಟೈರ್ ಇಳಿಸಿ ಉಜ್ಜಿ ಸ್ವಚ್ಛ ಮಾಡಿದರೆ ಸರಿಹೋಗುತ್ತದೆ. ಮೂರನೆಯದು ರಿಮ್ ಸೊಟ್ಟ ಆಗಿರುವುದು. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳ ತಗ್ಗು ಹೇಗಿರುತ್ತವೆ ಅಂತ ನಾನು ಹೇಳಬೇಕಿಲ್ಲ ಅಲ್ವಾ. ನೀರು ನಿಂತ ತಗ್ಗಿಗೆ ವೇಗವಾಗಿ ಇಳಿಸಿದರೆ ಅಲಾಯ್ ಅಂಚು ಬಾಗುತ್ತದೆ. ಚಕ್ರ ತಿರುಗಿಸಿ, ಒಂದು ಕಡ್ಡಿಯನ್ನು ರಿಮ್ಮಿನ ಅಂಚಿಗೆ ತಾಗಿಯೂ ತಾಗದಂತೆ ಹಿಡಿದು ನೋಡಿ, ಕಡ್ಡಿ ಮತ್ತು ರಿಮ್ ನಡುವಿನ ಸಂದು ಎಲ್ಲಿ ಹೆಚ್ಚು ಕಡಿಮೆ ಆಗುತ್ತದೋ ಅಲ್ಲಿ ಬಾಗಿದೆ. ಅಲಾಯ್ ಚಕ್ರದ ತೋಳುಗಳು ರಿಮ್ಮಿಗೆ ಸೇರುವ ಜಾಗದಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತಲೂ ಟಾರ್ಚ್ ಹಾಕಿ ನೋಡಿ. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಹಾಕಿಸಿ ಹೆದ್ದಾರಿಯಲ್ಲಿ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಯಾರು ಎಷ್ಟೇ ಗ್ಯಾರಂಟಿ ಕೊಡಲಿ, ಹೊಸ ರಿಮ್ ಹಾಕಿಸಿ.

ಐದನೇ ಹಂತ: ಟ್ಯೂಬ್ ಬಿಚ್ಚಿದ ಮೇಲೆ

ಇಲ್ಲಿ ಅಂಗಡಿಯವರ ಪಕ್ಕ ನಿಂತು ನೋಡಬೇಕು. ಚಹಾ ಕುಡಿಯಲು ಹೋಗಬೇಡಿ. ಟ್ಯೂಬ್ ಹೊರಗೆ ತೆಗೆಯುವ ಮುಂಚೆ, ವಾಲ್ವ್ ಇರುವ ಜಾಗಕ್ಕೆ ನೇರವಾಗಿ ಟೈರಿನ ಮೇಲೆ ಒಂದು ಗುರುತು ಹಾಕಿಸಿ, ಟ್ಯೂಬಿನ ಬಲಮಗ್ಗಲು ಯಾವುದು ಅಂತಲೂ ಗುರುತು ಮಾಡಿಸಿ. "ಭಾಯ್, ಸ್ವಲ್ಪ ತಡೀರಿ, ಗುರುತು ಹಾಕ್ತೀನಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಟ್ಯೂಬಿಗೆ ಹವಾ ತುಂಬಿ ನೀರಿನ ಬುಟ್ಟಿಯಲ್ಲಿ ಮುಳುಗಿಸಿದಾಗ ಗುಳ್ಳೆ ಎಲ್ಲಿ ಬಂತು ಅಂತ ನೋಡಿ, ವಾಲ್ವಿನಿಂದ ಎಷ್ಟು ದೂರ ಅಂತ ಅಳೆಯಿರಿ. ಅಷ್ಟೇ ದೂರದಲ್ಲಿ ಟೈರಿನೊಳಗೆ ಹುಡುಕಿದರೆ ಚುಚ್ಚಿದ ವಸ್ತು ಸಾಮಾನ್ಯವಾಗಿ ಸಿಗುತ್ತದೆ. ಒಂದು ತೂತು ಸಿಕ್ಕಿತು ಅಂತ ನಿಲ್ಲಿಸಬೇಡಿ, ಪೂರ್ತಿ ಟ್ಯೂಬನ್ನು ಒಂದು ಸುತ್ತು ನೀರಿನಲ್ಲಿ ತಿರುಗಿಸಲು ಹೇಳಿ. ಜಾಲಿ ದಾರಿಯಲ್ಲಿ ಬಂದ ಗಾಡಿಗೆ ಮೂರು ನಾಲ್ಕು ತೂತು ಇರುವುದು ಹೊಸದೇನಲ್ಲ.

ಈಗ ತೂತಿನ ಜಾಗ ಏನು ಹೇಳುತ್ತದೆ ನೋಡೋಣ.

ಟ್ಯೂಬಿನ ಹೊರಮೈಯಲ್ಲಿ, ಅಂದರೆ ರಸ್ತೆ ಕಡೆಗೆ ಇರುವ ಮೈಯಲ್ಲಿ ಒಂದೇ ಸಣ್ಣ ತೂತು: ಮುಳ್ಳು ಅಥವಾ ಮೊಳೆ. ಟೈರಿನಲ್ಲಿ ಅದರ ತುದಿ ಇದೆಯಾ ಅಂತ ಹುಡುಕಿ. ಬರಿ ಬೆರಳನ್ನು ಒಳಗೆ ಜೋರಾಗಿ ಆಡಿಸಿದರೆ ಬೆರಳು ಕೊಯ್ಯುತ್ತದೆ. ಹತ್ತಿ ಉಂಡೆ ಅಥವಾ ಹಳೆ ಕಾಲುಚೀಲವನ್ನು ಟೈರಿನ ಒಳಮೈಯಲ್ಲಿ ಸುತ್ತ ಎಳೆಯಿರಿ, ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಇಕ್ಕಳದಿಂದ ಒಳಗಿನಿಂದ ತಳ್ಳಿ ಹೊರಗಿನಿಂದ ಕೀಳಿಸಿ.

ಒಳಮೈಯಲ್ಲಿ, ರಿಮ್ ಕಡೆಗೆ ತೂತು: ರಸ್ತೆಯ ತಪ್ಪು ಏನೂ ಇಲ್ಲ. ಸ್ಪೋಕಿನ ತುದಿ ನಿಪ್ಪಲ್‌ನಿಂದ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ನಟ್) ಹೊರಗೆ ಬಂದು ಚುಚ್ಚುತ್ತಿದೆ, ಅಥವಾ ರಿಮ್ಮಿನೊಳಗಿನ ರಬ್ಬರ್ ಪಟ್ಟಿ ಹರಿದಿದೆ, ಸರಿದಿದೆ. ರಿಮ್ ಒಳಗೆ ತುಕ್ಕಿನ ಹೆಕ್ಕಳೆ ಎದ್ದಿದ್ದರೂ ಹೀಗೇ. ಸ್ಪೋಕ್ ತುದಿ ಅರದಿಂದ ಉಜ್ಜಿಸಿ, ಹೊಸ ಪಟ್ಟಿ ಹಾಕಿಸಿ. ಹೊಸ ಟ್ಯೂಬ್ ಹಾಕಿದರೂ ವಾರದಲ್ಲಿ ಪಂಕ್ಚರ್ ಅನ್ನುವ ಹಳೆ ಬುಲೆಟ್ಟು, ಸ್ಪ್ಲೆಂಡರುಗಳಲ್ಲಿ ಇದನ್ನು ನೋಡದೆ ಬಿಡಬೇಡಿ.

ಅಕ್ಕಪಕ್ಕ ಎರಡು ಸಣ್ಣ ಸೀಳು: ಹವಾ ಕಮ್ಮಿ ಇತ್ತು, ತಗ್ಗಿಗೋ ಕಲ್ಲಿಗೋ ಹೊಡೆದಿರಿ, ಟ್ಯೂಬ್ ಟೈರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿತು. ಇಲ್ಲಿ ಮುಳ್ಳು ಹುಡುಕುವುದು ದಂಡ. ಹವಾ ಸರಿಯಾಗಿ ಇಡಿ, ಹಿಂದೆ ಒಬ್ಬರು ಕೂತಾಗ ಪುಸ್ತಕದಲ್ಲಿ ಹೇಳಿದ ಹೆಚ್ಚಿನ ಒತ್ತಡ ಹಾಕಿಸಿ, ರಿಮ್ಮಿನ ಅಂಚು ಬಾಗಿದೆಯಾ ನೋಡಿ.

ಟೈರ್ ಬಿಚ್ಚಿ ಹಾಕಿದ ಕೂಡಲೇ ಹವಾ ಹೋಗಿ, ಒಂದು ಪಕ್ಕದಲ್ಲಿ ಚಂದ್ರಾಕಾರದ ಗಾಯ ಕಂಡರೆ ಅದು ಹಾಕುವಾಗ ಟೈರ್ ಎಬ್ಬಿಸುವ ಲಿವರ್ ತಾಗಿದ್ದು. ಹಳೆ ಪ್ಯಾಚಿನ ಅಂಚಿನಿಂದ ಗುಳ್ಳೆ ಬಂದರೆ ಪ್ಯಾಚ್ ಎದ್ದಿದೆ. ಬೇಸಿಗೆಯಲ್ಲಿ ಟ್ಯೂಬ್ ಕಾದು ಕಾದು ಪ್ಯಾಚಿನ ಅಂಟು (ಸೊಲ್ಯೂಷನ್) ಬಿಡುವುದು ಇದೆ, ಪ್ಯಾಚ್ ಮೇಲೆ ಪ್ಯಾಚ್ ಹಾಕಿಸುವ ಬದಲು ಟ್ಯೂಬ್ ಬದಲಿಸಿ. ವಾಲ್ವ್ ಬುಡದಲ್ಲಿ ಹರಿದ ಟ್ಯೂಬಿಗೆ ಪ್ಯಾಚ್ ನಿಲ್ಲುವುದೇ ಇಲ್ಲ.

ಹವಾ ಸರಿ ಇದೆ, ಟೈರ್ ಸರಿ ಇದೆಯಾ?

ಲೀಕ್ ಇಲ್ಲ ಅಂದ ಮಾತ್ರಕ್ಕೆ ಟೈರ್ ಚೆನ್ನಾಗಿದೆ ಅಂತ ಅಲ್ಲ. ಪಕ್ಕದಲ್ಲಿ ಗುಳ್ಳೆಯ ಹಾಗೆ ಉಬ್ಬು ಕಂಡರೆ ಒಳಗಿನ ದಾರಗಳು ಹರಿದಿವೆ, ಬರಿ ರಬ್ಬರ್ ಹವಾ ಹಿಡಿದುಕೊಂಡಿದೆ. ಇದಕ್ಕೆ ಯಾವ ರಿಪೇರಿಯೂ ಇಲ್ಲ. ಆ ಗಾಡಿಯಲ್ಲಿ ಹುಮನಾಬಾದ್ ತನಕ ಹೋಗಿಬರುತ್ತೇನೆ ಅನ್ನಬೇಡಿ, ಅವತ್ತೇ ಬದಲಿಸಿ. ಕೊಯ್ದ ಜಾಗದಲ್ಲಿ ಬಟ್ಟೆಯ ಎಳೆಯಂಥದ್ದು ಕಂಡರೂ ಅದೇ ತೀರ್ಮಾನ.

ಸಣ್ಣ ಸಣ್ಣ ಬಿರುಕುಗಳು ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಗಳಿಗೆ ಬೇಗ ಬರುತ್ತವೆ. ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಇದ್ದರೆ ಗಮನ ಇಟ್ಟರೆ ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ಟೈರಿನ ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ತೋರಿಸಿ. ಹೊಸ ಟೈರ್ ಕೊಳ್ಳುವಾಗಲೂ ಈ ಅಂಕಿ ನೋಡಿ, ಅಂಗಡಿಯಲ್ಲಿ ವರ್ಷಗಟ್ಟಲೆ ಕೂತದ್ದು ನಿಮಗೆ ಬೇಡ.

ಸವೆತವೂ ಮಾತಾಡುತ್ತದೆ. ನಡು ಮಾತ್ರ ಚಪ್ಪಟೆಯಾಗಿ ಸವೆದಿದ್ದರೆ ಹವಾ ಜಾಸ್ತಿ ಇಟ್ಟಿದ್ದೀರಿ, ಅಥವಾ ನಿಮ್ಮ ಓಡಾಟವೆಲ್ಲಾ ನೇರ ಹೆದ್ದಾರಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಹವಾ ಕಮ್ಮಿ. ಅಲ್ಲಲ್ಲಿ ತಗ್ಗುದಿಣ್ಣೆ ಆಗಿದ್ದರೆ ಶಾಕ್ ಅಬ್ಸಾರ್ಬರ್, ವೀಲ್ ಬೇರಿಂಗ್ ನೋಡಿಸಿ. ಒಂದೇ ಒಂದು ಜಾಗದಲ್ಲಿ ಉಜ್ಜಿ ಚಪ್ಪಟೆ ಆಗಿದ್ದರೆ ಬ್ರೇಕ್ ಹಿಡಿದು ಜಾರಿಸಿದ್ದು. ಗ್ರಿಪ್ಪಿನ ಸಂದಿಯೊಳಗೆ ಸಣ್ಣ ರಬ್ಬರ್ ದಿಂಡು ಇರುತ್ತದೆ, ಪಕ್ಕದಲ್ಲಿ ತ್ರಿಕೋನದ ಗುರುತು ಅದರ ಜಾಗ ತೋರಿಸುತ್ತದೆ. ಗ್ರಿಪ್ ಅದರ ಮಟ್ಟಕ್ಕೆ ಸವೆದರೆ ಆ ಟೈರಿನ ಆಯುಷ್ಯ ಮುಗಿಯಿತು.

ಯಾವುದಕ್ಕೆ ಪಂಕ್ಚರ್, ಯಾವುದಕ್ಕೆ ಹೊಸ ಟೈರ್?

ಟ್ಯೂಬ್‌ಲೆಸ್ಸಿನ ಗ್ರಿಪ್ ಭಾಗದಲ್ಲಿ 6 ಮಿಲಿಮೀಟರ್ ಒಳಗಿನ ತೂತು ಆದರೆ ರಿಪೇರಿ ಮಾಡಿಸಬಹುದು. ಹೊರಗಿನಿಂದ ತೂತಿಗೆ ತುರುಕುವ ಸ್ಟ್ರಿಪ್ (ಅಂಟು ರಬ್ಬರಿನ ಎಳೆ) ಊರು ಮುಟ್ಟುವುದಕ್ಕೆ ಚೆನ್ನಾಗಿದೆ. ಟೈರ್ ಇಳಿಸಿ ಒಳಗಿನಿಂದ ಹಾಕುವ ಮಶ್ರೂಮ್ ಪ್ಯಾಚ್ ಅದಕ್ಕಿಂತ ಭದ್ರ, ಇಳಿಸಿದಾಗ ಒಳಗಿನ ಹಾನಿಯೂ ಕಾಣುತ್ತದೆ. ಪಕ್ಕದಲ್ಲಿ ತೂತಾದರೆ ಸ್ಟ್ರಿಪ್ ಹಾಕಿಸಬೇಡಿ, ಆ ಭಾಗ ಪ್ರತಿ ಸುತ್ತಿಗೂ ಬಾಗುತ್ತದೆ, ಸ್ಟ್ರಿಪ್ ನಿಲ್ಲುವುದಿಲ್ಲ. ಹವಾ ಪೂರ್ತಿ ಇಲ್ಲದೆ ಕಿಲೋಮೀಟರುಗಟ್ಟಲೆ ಓಡಿಸಿ ತಂದ ಟೈರನ್ನಂತೂ ಒಳಗಡೆ ನೋಡದೆ ರಿಪೇರಿ ಮಾಡಿಸಬೇಡಿ. ಒಳಮೈಯಲ್ಲಿ ಕಪ್ಪು ಪುಡಿ ಉದುರುತ್ತಿದ್ದರೆ ಪಕ್ಕದ ಗೋಡೆ ಒಳಗಿನಿಂದಲೇ ಅರೆದುಹೋಗಿದೆ ಅಂತ ಅರ್ಥ.

ತೂತಾದ ಟ್ಯೂಬ್‌ಲೆಸ್ಸಿಗೆ ಟ್ಯೂಬ್ ಹಾಕಿಬಿಡೋಣ ಅನ್ನುವವರು ಸಿಗುತ್ತಾರೆ. ಊರು ಮುಟ್ಟಲು ಬೇರೆ ದಾರಿಯೇ ಇಲ್ಲದಾಗ ಸರಿ. ಕಾಯಂ ಆಗಿ ಬೇಡ, ಒಳಗೆ ಟ್ಯೂಬ್ ತಿಕ್ಕಿ ಟೈರ್ ಜಾಸ್ತಿ ಕಾಯುತ್ತದೆ, ಮತ್ತೆ ಮೊಳೆ ಚುಚ್ಚಿದರೆ ನಿಧಾನವಾಗಿ ಇಳಿಯುವ ಅನುಕೂಲವೂ ಹೋಯಿತು. ಒಳಗೆ ತುಂಬುವ ಸೀಲಂಟ್ ದ್ರವ ಹಾಕಿಸಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ. ಅದನ್ನು ಒರೆಸಿ ಒಣಗಿಸದೆ ಪ್ಯಾಚ್ ಹಿಡಿಯುವುದಿಲ್ಲ.

ಓಡಿಸುವಾಗಲೇ ಹವಾ ಹೋದರೆ

ಹಿಂದಿನದು ಹೋದರೆ ಗಾಡಿಯ ಹಿಂಭಾಗ ತೂಗಾಡುತ್ತದೆ. ಮುಂದಿನದು ಹೋದರೆ ಹ್ಯಾಂಡಲ್ ಭಾರ ಆಗುತ್ತದೆ, ತಿರುಗಿಸಿದ ಕಡೆ ತಿರುಗುವುದಿಲ್ಲ. ಹೆದರಿ ಬ್ರೇಕ್ ಒತ್ತಬೇಡಿ. ಹ್ಯಾಂಡಲ್ ನೇರ ಹಿಡಿದು ಎಕ್ಸಲೇಟರ್ ನಿಧಾನಕ್ಕೆ ಬಿಡಿ. ಬ್ರೇಕ್ ಬೇಕೇ ಬೇಕು ಅನ್ನಿಸಿದರೆ ಸರಿ ಇರುವ ಚಕ್ರದ್ದನ್ನು ಮೆಲ್ಲಗೆ ಹಿಡಿಯಿರಿ: ಹಿಂದಿನದು ಹೋಗಿದ್ದರೆ ಮುಂದಿನ ಬ್ರೇಕ್, ಮುಂದಿನದು ಹೋಗಿದ್ದರೆ ಹಿಂದಿನ ಬ್ರೇಕ್. ಎಡಕ್ಕೆ ಸರಿದು ನಿಲ್ಲಿಸಿ, ಹಿಂದೆ ಕೂತವರನ್ನು ಇಳಿಸಿ. ಕಮಲಾಪುರದಿಂದ ಹುಮನಾಬಾದ್ ಕಡೆ, ಇಲ್ಲಾ ಜೇವರ್ಗಿಯಿಂದ ಶಹಾಪುರದ ಕಡೆ ರಾತ್ರಿ ಓಡಾಡುವವರು ಒಂದು ಸ್ಟ್ರಿಪ್ ಕಿಟ್ ಮತ್ತು ಸಣ್ಣ ಪಂಪ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಟ್ಯೂಬ್ ಗಾಡಿಗೆ ಸ್ಟ್ರಿಪ್ ಉಪಯೋಗ ಇಲ್ಲ, ಅವರು ಒಂದು ಟ್ಯೂಬ್ ಇಟ್ಟುಕೊಂಡರೆ ಅಂಗಡಿಯಲ್ಲಿ ಸೈಜ್ ಸಿಗಲಿಲ್ಲ ಅನ್ನುವ ತಾಪತ್ರಯ ತಪ್ಪುತ್ತದೆ.

ಚಕ್ರ ವಾಪಸ್ ಹಾಕಿದ ಮೇಲೆ

ಪಂಕ್ಚರ್ ಹಾಕಿದ ಜಾಗಕ್ಕೆ ಮತ್ತು ವಾಲ್ವಿಗೆ ಇನ್ನೊಮ್ಮೆ ಸೋಪು ನೀರು ಹಾಕಿಸಿ. ಬೀಡ್ ಸುತ್ತ ಟೈರಿನ ಮೇಲೆ ಒಂದು ಗೆರೆ ಇರುತ್ತದೆ, ಅದು ರಿಮ್ಮಿನಿಂದ ಎಲ್ಲಾ ಕಡೆ ಒಂದೇ ಸಮ ದೂರದಲ್ಲಿ ಇರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ, ಓಡಿಸಿದಾಗ ಕುಣಿಯುತ್ತದೆ. ಟೈರಿನ ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇದೆಯಾ ನೋಡಿ. ಹಿಂದಿನ ಚಕ್ರ ಬಿಚ್ಚಿದ್ದರೆ ಚೈನ್ ಬಿಗಿ, ಆಕ್ಸಲ್ ನಟ್, ಬ್ರೇಕ್ ರಾಡಿನ ನಟ್ ಮೂರನ್ನೂ ಕೈಯಿಟ್ಟು ನೋಡಿ. ಡಿಸ್ಕ್ ಬ್ರೇಕ್ ಇರುವ ಚಕ್ರ ಬಿಚ್ಚಿದ್ದರೆ ಹೊರಡುವ ಮುಂಚೆ, ನಿಂತಲ್ಲೇ, ಬ್ರೇಕ್ ಲಿವರನ್ನು ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತಿ. ಪ್ಯಾಡ್ ಹಿಂದೆ ಸರಿದಿರುತ್ತದೆ, ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ.